ಬಲಗಡೆಯ ಖಾಲಿ ಕುರ್ಚಿ

ವಿಮಾನ ನಡೆಸಲು ಇಬ್ಬರು ಬೇಡ, ಒಬ್ಬರು ಸಾಕು, ಮಿಕ್ಕಿದ್ದನ್ನು ಯಂತ್ರ ನೋಡಿಕೊಳ್ಳುತ್ತದೆ ಎಂದು ದೊಡ್ಡವರೆಲ್ಲ ಸೇರಿ ತೀರ್ಮಾನಿಸಿದ ಮೇಲೆ ಕಾಕ್‌ಪಿಟ್ಟಿನ ಬಲಗಡೆಯ ಕುರ್ಚಿ ಖಾಲಿ ಬಿತ್ತು. ಅದನ್ನು ಆಗಲೇ ಕಿತ್ತುಹಾಕಿದ್ದರೆ ಎಷ್ಟೋ ಚೆನ್ನಾಗಿತ್ತು. ಯಾವುದಕ್ಕೂ ಇರಲಿ ಎಂದು ಬಿಟ್ಟರು. ಮನುಷ್ಯನ ತಲೆ ಎಂಥದೆಂದರೆ, ಖಾಲಿ ಕುರ್ಚಿಯನ್ನು ಬಹಳ ಹೊತ್ತು ಖಾಲಿಯಾಗಿರಲು ಬಿಡುವುದಿಲ್ಲ.

ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ಸಮುದ್ರದ ಮೇಲೆ ಗಂಟೆಗಟ್ಟಲೆ ಒಬ್ಬರೇ ಹಾರಿದವರಿಗೆ ಪಕ್ಕದಲ್ಲಿ ಯಾರೋ ಕೂತಂತೆ ಅನಿಸುತ್ತಿತ್ತು. ತಿರುಗಿ ನೋಡಿದರೆ ಇಲ್ಲ, ಮುಂದೆ ನೋಡಿದರೆ ಇದ್ದಾರೆ. ಕೆಲಸ ಹೋದೀತೆಂದು ಎಲ್ಲರೂ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡರು. ಕೊನೆಗೊಂದು ದಿನ, ಸರಕು ವಿಮಾನವೊಂದರಲ್ಲಿ ಯಂತ್ರ ಕೈಕೊಟ್ಟು ಪೈಲಟ್ ತಾನೇ ಹಿಡಿದು ನಡೆಸುತ್ತಿದ್ದಾಗ, "ಸ್ವಲ್ಪ ನೀನು ನೋಡ್ಕೋ, ಸುಸ್ತಾಗಿದೆ" ಎಂದು ಪಕ್ಕಕ್ಕೆ ಹೇಳಿ ಕೈಬಿಟ್ಟ. ಆ ಮಾತು ರೇಡಿಯೋದಲ್ಲಿ ಸ್ಪಷ್ಟವಾಗಿ ಕೇಳಿಸಿತು. ವಿಮಾನ ಮಾತ್ರ ಇವತ್ತಿಗೂ ಸಿಕ್ಕಿಲ್ಲ.

ಅಲ್ಲಿಂದಾಚೆ ಪೈಲಟ್ ಆಗಬೇಕೆನ್ನುವವರ ವೈದ್ಯಕೀಯ ತಪಾಸಣೆಗೆ ಕಣ್ಣು, ಕಿವಿ, ಎದೆ, ರಕ್ತದೊತ್ತಡಗಳ ಜೊತೆಗೆ ಇನ್ನೊಂದು ಸೇರಿಕೊಂಡಿತು. ಸರಕಾರಿ ಭಾಷೆಯಲ್ಲಿ ಅದಕ್ಕೆ ಮೊಳದುದ್ದದ ಹೆಸರಿತ್ತು. ಹುಡುಗರು ಕುರ್ಚಿ ಪರೀಕ್ಷೆ ಎಂದು ಕರೆದರು. ಉಸಿರಾಡುವ ಗಾಳಿಯನ್ನು ತುಸು ತೆಳುವಾಗಿಸಿದ ಒಂದು ಕೋಣೆ, ಅದರೊಳಗೆ ನಕಲಿ ಕಾಕ್‌ಪಿಟ್, ಒಂದೇ ಸಮನೆ ಗುಂಯ್‌ಗುಡುವ ಸದ್ದು, ತಲೆಗೆ ತಂತಿಗಳ ಟೊಪ್ಪಿಗೆ, ಪಕ್ಕದಲ್ಲಿ ಖಾಲಿ ಕುರ್ಚಿ. ಬೆಳಿಗ್ಗೆ ಒಳಗೆ ಹೋದರೆ ಸಂಜೆ ಹೊರಗೆ. ಅಷ್ಟು ಹೊತ್ತೂ ಕುರ್ಚಿ ಖಾಲಿಯಾಗಿಯೇ ಇದ್ದರೆ ಪಾಸು.

ದಾಕ್ಷಾಯಣಿ ಬಡಿಗೇರ ಬೆಂಗಳೂರಿನ ತಪಾಸಣಾ ಕೇಂದ್ರದ ಆ ಕೋಣೆಯಿಂದ ಹೊರಬಂದಾಗ ಪಾಸಾದೆನೆಂದೇ ತಿಳಿದಿದ್ದಳು. ಕುರ್ಚಿಯ ಕಡೆ ಒಂದು ಸಲವೂ ತಿರುಗಿರಲಿಲ್ಲ. ತೂಕಡಿಸಿರಲಿಲ್ಲ. ಹಾರಾಟದ ಶಾಲೆಯಲ್ಲಿ ಅವಳ ಕೈ ಹದವಾದದ್ದೆಂದು ಗುರುಗಳೇ ಬೆನ್ನು ತಟ್ಟಿದ್ದರು. ಇದೊಂದು ಕಾಗದ ಕೈಗೆ ಬಂದರೆ ಅವಳು ಪೈಲಟ್, ಬರದಿದ್ದರೆ ಕಲಿತದ್ದೆಲ್ಲ ನೀರಿನಲ್ಲಿ ಹೋಮ.

ತಪಾಸಣಾಧಿಕಾರಿ ಡಾಕ್ಟರ್ ಬೋಜಮ್ಮ ಸೇನೆಯಿಂದ ನಿವೃತ್ತರಾದ ಎತ್ತರದ ಹೆಂಗಸು. ಅವರು ಅವಳನ್ನು ಕಂಟ್ರೋಲ್ ರೂಮಿಗೆ ಕರೆದೊಯ್ದು ಧ್ವನಿಮುದ್ರಣ ಹಾಕಿದರು. ದಾಕ್ಷಾಯಣಿಯದೇ ದನಿ: "ಎತ್ತರ ಮೂವತ್ತೊಂದು ಸಾವಿರ." ಒಂದು ಕ್ಷಣ ಮೌನ. "ಎಡ ಎಂಜಿನ್ ಸರಿ." ಮತ್ತೆ ಮೌನ. "ಇಂಧನ ಸರಿ." ಮೌನ.

"ಪ್ರತಿ ಸಲ ಮಾತಾಡಿ ನಿಲ್ಲಿಸ್ತೀರಿ. ಯಾರಿಗೆ ಕಾಯ್ತಾ ಇದ್ದೀರಿ?" ಎಂದು ಕೇಳಿದರು.

"ಯಾರಿಗೂ ಇಲ್ರಿ ಮೇಡಂ. ಅದು ನಮ್ಮನಿ ರೂಢಿರಿ."

ರೂಢಿಯೆಂಬುದು ಸುಳ್ಳಲ್ಲ. ದಾಕ್ಷಾಯಣಿಯ ಅಪ್ಪ ಮೋನಪ್ಪ ಹುಬ್ಬಳ್ಳಿಯಲ್ಲಿ ರೈಲು ಡ್ರೈವರ್. ಎಂಜಿನ್ನಿನಲ್ಲಿ ಡ್ರೈವರು ಸಿಗ್ನಲ್ ನೋಡಿ "ಹಸಿರು" ಎಂದು ಕೂಗಿದರೆ ಪಕ್ಕದ ಅಸಿಸ್ಟಂಟು ತಾನೂ ನೋಡಿ "ಹಸಿರು" ಎಂದು ತಿರುಗಿ ಕೂಗಬೇಕು. ಒಬ್ಬನ ಕಣ್ಣು ತಪ್ಪಿದರೂ ಇನ್ನೊಬ್ಬನದು ತಪ್ಪದಿರಲಿ ಎಂದು ಮಾಡಿದ ಪದ್ಧತಿ. ನೆಲದ ಮೇಲೆ ಓಡುವುದಕ್ಕೆ ಇಬ್ಬರು ಬೇಕಂತೆ, ಗಾಳಿಯಲ್ಲಿ ಹಾರುವುದಕ್ಕೆ ಒಬ್ಬರು ಸಾಕಂತೆ ಎಂದು ಮೋನಪ್ಪ ಮಗಳನ್ನು ಕಿಚಾಯಿಸುತ್ತಿದ್ದ. ರೈಲ್ವೆ ಕ್ವಾರ್ಟರ್ಸಿನ ಹಿಂದಿನ ಬಾಲ್ಕನಿಯಿಂದ ಯಾರ್ಡಿನ ಸಿಗ್ನಲ್ಲು ಕಾಣುತ್ತಿತ್ತು. ದಾಕ್ಷಿ ಕೂಗುವವಳು, ಒಂದು ವರ್ಷ ಚಿಕ್ಕವನಾದ ತಮ್ಮ ದೇವೇಂದ್ರ ತಿರುಗಿ ಕೂಗುವವನು. ಇನ್ನೊಬ್ಬರು ತಿರುಗಿ ಕೂಗುವ ತನಕ ನೋಡಿದ್ದು ನೋಡಿದಂತೆ ಅಲ್ಲ ಎಂಬುದು ಆ ಮನೆಯ ನಿಯಮ. ಹಾಲು ಉಕ್ಕಿದ್ದಕ್ಕೂ ಇದೇ, ಮಳೆ ಬಂದದ್ದಕ್ಕೂ ಇದೇ.

ಡಾಕ್ಟರು ಪರದೆಯ ಕಡೆ ಬೆರಳು ತೋರಿಸಿದರು. ಮಿದುಳಿನ ಚಿತ್ರದಲ್ಲಿ, ಅವಳು ಮಾತು ನಿಲ್ಲಿಸಿದಾಗಲೆಲ್ಲ ಒಂದು ಮೂಲೆ ಬೆಳಗಿ ಆರುತ್ತಿತ್ತು.

"ಇದು ಕೇಳಿಸಿಕೊಳ್ಳೋ ಜಾಗ. ಕಿವಿಗೆ ಮಾತು ಬೀಳದೆ ಇದು ಬೆಳಗಬಾರದು. ಕೋಣೆಯಲ್ಲಿ ಯಾರೂ ಇರಲಿಲ್ಲ. ನಿಮಗೆ ಉತ್ತರ ಬರ್ತಾ ಇತ್ತು, ಅಲ್ವಾ?"

ದಾಕ್ಷಾಯಣಿ ಪರದೆ ನೋಡಿದಳು. ಸುಳ್ಳು ಹೇಳಬಹುದಿತ್ತು, ಪರದೆ ಹೇಳಗೊಡಲಿಲ್ಲ.

"ನಮ್ಮ ತಮ್ಮರಿ. ದೇವೇಂದ್ರ."

"ಎಲ್ಲಿದ್ದಾರೆ ಈಗ?"

"ಡೆಂಗಿ ಜ್ವರ ಬಂದಿತ್ರಿ. ಹೋಗಿ ಐದು ವರ್ಷ ಆತು."

ಬೋಜಮ್ಮ ಗದರಲಿಲ್ಲ. ಆ ಕುರ್ಚಿಯಲ್ಲಿ ಯಾರ‍್ಯಾರೋ ಬಂದು ಕೂತದ್ದನ್ನು ಅವರು ಕಂಡಿದ್ದರು. "ಅಜ್ಜಿಯಂದಿರೇ ಜಾಸ್ತಿ," ಎಂದು ಸಣ್ಣಗೆ ನಕ್ಕು, ಆಮೇಲೆ ವಿವರಿಸಿದರು. ಬಲಗಿವಿಯ ಹಿಂದೆ, ಮಿದುಳಿನಲ್ಲಿ ಹುಣಸೆಬೀಜದಷ್ಟು ಜಾಗವೊಂದಿದೆ. ಇಲ್ಲಿಗೆ ನಾನು ಮುಗಿದೆ, ಅಲ್ಲಿಂದ ಲೋಕ ಶುರು ಎಂದು ಗಡಿ ಕಾಯುವುದು ಅದರ ಕೆಲಸ. ಗಾಳಿ ತೆಳುವಾಗಿ, ಸದ್ದು ಏಕತಾನವಾಗಿ, ಮನುಷ್ಯ ಒಂಟಿಯಾದಾಗ ಗಡಿ ಜಾರುತ್ತದೆ. ನಮ್ಮದೇ ಒಂದು ತುಂಡು ಹೊರಗೆ ಹೋಗಿ ಪಕ್ಕದಲ್ಲಿ ಕೂತುಕೊಳ್ಳುತ್ತದೆ. ಮನಸ್ಸಿನಲ್ಲಿ ಯಾರು ಸಿದ್ಧರಾಗಿದ್ದಾರೋ ಅವರ ಮುಖ, ಅವರ ದನಿ ತೊಟ್ಟುಕೊಳ್ಳುತ್ತದೆ.

"ಅದು ನಿಮ್ಮ ತಮ್ಮ ಅಲ್ಲ. ನೀವೇ."

"ಹಂಗಾರ ನಾ ಫೇಲ್ ಏನ್ರಿ?"

ಫೇಲು. ಆದರೆ ಒಂದು ದಾರಿಯಿತ್ತು. ಕಿವಿಗೆ ಕೇಳದ ಶಬ್ದದ ಅಲೆಗಳನ್ನು ನಾಲ್ಕೂ ದಿಕ್ಕಿನಿಂದ ಆ ಹುಣಸೆಬೀಜದ ಮೇಲೆ ಕೂಡಿಸಿ ಅದರ ಒಂದು ಅಂಚನ್ನು ಸುಡುವುದು. ಕತ್ತರಿಯಿಲ್ಲ, ರಕ್ತವಿಲ್ಲ, ಒಂದು ಬೆಳಗಿನ ಕೆಲಸ. ಆಮೇಲೆ ಯಾರೂ ಬಂದು ಕೂರುವುದಿಲ್ಲ, ಎಂದೆಂದಿಗೂ. ಬೇಡವೆನಿಸಿದರೆ ಹಿಂದಕ್ಕೆ ತರಲೂ ಆಗುವುದಿಲ್ಲ. "ಮನೆಗೆ ಹೋಗಿ ಯೋಚನೆ ಮಾಡಿ ಬನ್ನಿ," ಎಂದರು ಬೋಜಮ್ಮ.

ಹುಬ್ಬಳ್ಳಿಗೆ ಬಂದ ದಿನ ಸಂಜೆ ದಾಕ್ಷಿ ಬಾಲ್ಕನಿಯಲ್ಲಿ ನಿಂತಳು. ಅಡುಗೆಮನೆಯಲ್ಲಿ ಅವ್ವ ಕಸ್ತೂರೆವ್ವ ರೊಟ್ಟಿ ಬಡಿಯುತ್ತಿದ್ದಳು. ದೂರದ ಸಿಗ್ನಲ್ಲಿನಲ್ಲಿ ಹಳದಿ ದೀಪ ಎರಡು ಹತ್ತಿದ್ದವು.

"ಡಬಲ್ ಹಳದಿ," ಎಂದಳು ದಾಕ್ಷಿ, ಮೆಲ್ಲಗೆ.

"ಡಬಲ್ ಹಳದಿ," ಎಂದ ದೇವ್ಯಾ. ಬಲಗಡೆಯಿಂದ, ಹುಡುಗನ ಒಡೆಯುತ್ತಿದ್ದ ದನಿ, ಹೋದಾಗ ಇದ್ದಂತೆಯೇ. ಅವನ ಮೈಯ ಶಾಖವೂ ತೋಳಿಗೆ ತಾಕಿದ ಹಾಗಿತ್ತು. ಅವಳಿಗೆ ಅದರಿಂದ ಹೆದರಿಕೆ ಎಂದೂ ಆದದ್ದಿಲ್ಲ. ಆ ದಿನ ಮೊದಲ ಸಲ ಆಯಿತು. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಸಂಗತಿ ಅವಳ ಗಮನಕ್ಕೆ ಬಂತು. ದೇವ್ಯಾ ಉತ್ತರ ಕೊಡುವಷ್ಟು ಹೊತ್ತು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತ್ತು.

ಇನ್ನೊಮ್ಮೆ ಕೂಗಿ ನೋಡಿದಳು. ಮತ್ತೆ ನಿಂತಿತು, ಮತ್ತೆ ಶುರುವಾಯಿತು. ಒಳಗೆ ಹೋಗಿ ಬಾಗಿಲಿಗೆ ಒರಗಿ ಕೇಳಿದಳು: "ಅವ್ವ, ನಾ ಕೂಗಿದಾಗ ನೀ ಯಾಕ ಕೈ ನಿಂದರಸ್ತಿ?"

ಕಸ್ತೂರೆವ್ವ ಹಿಟ್ಟಿನ ಕೈಯಿಂದ ಹಣೆಯ ಕೂದಲು ಸರಿಸಿಕೊಂಡಳು. ಮಗ ಹೋದಾಗ ಓಣಿಯವರೆಲ್ಲ ಅತ್ತಿದ್ದರು, ಇವಳು ಅತ್ತಿರಲಿಲ್ಲ. ಗಟ್ಟಿ ಹೆಂಗಸು ಎಂದು ಕೆಲವರು ಹೊಗಳಿದ್ದರು, ಕೆಲವರು ಮೂಗು ಮುರಿದಿದ್ದರು.

"ಅವ ಮಾತಾಡೂ ಮುಂದ ಸದ್ದು ಮಾಡಬಾರದಂತ," ಎಂದಳು.

"ನಿನಗೂ ಕೇಳಸ್ತೈತೇನು?"

"ನಂಗೆಲ್ಲಿ ಕೇಳಸ್ತೈತಿ? ಎಷ್ಟ್ ಕಿವಿಗೊಟ್ಟರೂ ಇಲ್ಲ. ನಿನಗ ಕೇಳತೈತಲ್ಲ, ಅಷ್ಟ ಸಾಕು. ನೀ ಸುಮ್ಮನಿರೂ ಹೊತ್ತಿನಾಗ ನನ್ನ ಮಗ ಮನ್ಯಾಗ ಅದಾನ. ಅಂದಮ್ಯಾಲ ಅಳೂದು ಯಾಕ?" ತವೆಯ ಮೇಲಿನ ರೊಟ್ಟಿ ತಿರುವಿಹಾಕಿ, "ಪರೀಕ್ಷಾ ಏನಾತು?" ಎಂದು ಕೇಳಿದಳು.

"ಇನ್ನೂ ಒಂದು ಐತಿ," ಎಂದಳು ದಾಕ್ಷಿ.

ಅಪ್ಪನಿಗೆ ಮಾತ್ರ ಎಲ್ಲ ಹೇಳಿದಳು, ಮರುದಿನ ಬೆಳಿಗ್ಗೆ, ಯಾರ್ಡಿನ ಮೇಲಿನ ಕಾಲುಸೇತುವೆಯ ಮೇಲೆ. ಮೋನಪ್ಪನಿಗೆ ಅಂದು ರಜೆ. ಕಂಬಿಗೆ ಮೊಣಕೈ ಊರಿ, ಕೆಳಗೆ ಹಾಯುತ್ತಿದ್ದ ಗೂಡ್ಸು ಗಾಡಿ ಮುಗಿಯುವವರೆಗೆ ಮಗಳ ಮಾತು ಕೇಳಿದ. ಮಗಳ ಪಿಸುಮಾತು ಅವನಿಗೂ ಗೊತ್ತಿದ್ದದ್ದೇ. ಗೊತ್ತಿಲ್ಲದವನಂತೆ ಇದ್ದ, ಅಷ್ಟೆ.

"ಒಂದು ಕೇಳ್ತೀನಿ. ಅವ ಏನಂತಾನ?"

"ನಾ ಅಂದದ್ದು."

"ನೀ ಅಂದದ್ದ? ಎಂದರ ಒಮ್ಮೆ ಇಲ್ಲ ಅಂದಾನೇನು?"

ದಾಕ್ಷಿ ಇಲ್ಲವೆಂದು ತಲೆಯಾಡಿಸಿದಳು.

"ನಮ್ಮ ಅಸಿಸ್ಟಂಟ್ ರಫೀಕ ಅದಾನಲ್ಲ, ವರ್ಷಕ್ಕ ಒಮ್ಮೆರ, 'ಇಲ್ರಿ ಸಾಹೇಬ್ರ, ಹಳದಿ ಐತ್ರಿ' ಅಂತಾನ. ಅಂಥಾ ಒಂದು ಮಾತಿಗೇ ಅವಗ ಪಗಾರ ಕೊಡೂದು. ನಾ ಅಂದದ್ದ ಅನ್ನಾಕ ಬೇಕಾಗಿದ್ದರ ಒಂದು ಗಿಳಿ ಸಾಕತಿದ್ದೆ." ಅವನ ದನಿ ಸಣ್ಣದಾಯಿತು. "ನಮ್ಮ ದೇವ್ಯಾ ಹೆಂಗಿದ್ದ? ನೀ ಹೌದು ಅಂದರ ಅವ ಇಲ್ಲ. ಊಟಕ್ಕ ಕುಂತರೂ ಜಗಳ. ಅಂಥಾವ ಐದು ವರ್ಷದಾಗ ಒಮ್ಮೆನೂ ಇಲ್ಲ ಅಂದಿಲ್ಲ ಅಂದರ, ಅವ ದೇವ್ಯಾನ ಏನು?"

ಮಗಳ ಕಣ್ಣು ತುಂಬಿದ್ದನ್ನು ಕಂಡು ಅವನಿಗೂ ತಡೆಯಲಾಗಲಿಲ್ಲ. ಮುಖ ಆಚೆ ತಿರುಗಿಸಿ ಟವೆಲಿನಿಂದ ಒರೆಸಿಕೊಂಡ. "ಮಾಡಿಸ್ಕೋ. ಅವ್ವಗ ಹೇಳೂದು ಬ್ಯಾಡ. ಕೂಗೂದು ಮಾತ್ರ ಬಿಡಬ್ಯಾಡ. ಅಕಿಗೆ ತಿಳ್ಯಾಂಗಿಲ್ಲ," ಎಂದ.

ಆ ಸಂಜೆ ಬಾಲ್ಕನಿಯಲ್ಲಿ ನಿಂತಾಗ ಸಿಗ್ನಲ್ಲು ಕೆಂಪಾಗಿತ್ತು. ಕಣ್ಣಿಗೆ ರಾಚುವ ಕೆಂಪು. ದಾಕ್ಷಿ ಕಂಬಿಯನ್ನು ಬಿಗಿಯಾಗಿ ಹಿಡಿದು, "ಹಸಿರು," ಎಂದಳು.

ಬೈಯಲಿ ಎಂದು ಅವಳ ಜೀವವೆಲ್ಲ ಬೇಡಿಕೊಳ್ಳುತ್ತಿತ್ತು. ಕಣ್ಣು ಹೋಗ್ಯಾವೇನು ನಿಂಗ ಎಂದು ಬೆನ್ನಿಗೊಂದು ಗುದ್ದಲಿ.

"ಹಸಿರು," ಎಂದ ದೇವ್ಯಾ.

"ನೀಲಿ," ಎಂದಳು. ಲೋಕದ ಯಾವ ಸಿಗ್ನಲ್ ಕಂಬದಲ್ಲೂ ನೀಲಿ ದೀಪ ಕಂಡವಳಲ್ಲ ಅವಳು.

"ನೀಲಿ," ಎಂದ, ಅಷ್ಟೇ ಖುಷಿಯಿಂದ.

ಒಳಗೆ ರೊಟ್ಟಿಯ ಸದ್ದು ಎರಡು ಸಲವೂ ನಿಂತು, ನೆಮ್ಮದಿಯಾಗಿ ಮುಂದುವರಿಯಿತು. ದಾಕ್ಷಿ ಅಲ್ಲೇ ಕುಸಿದು ಕೂತು, ಸೆರಗಿಲ್ಲದ ಬಟ್ಟೆಯಲ್ಲಿ ಬಾಯಿ ಮುಚ್ಚಿಕೊಳ್ಳಲು ಏನೂ ಸಿಗದೆ, ಅಂಗೈ ಕಚ್ಚಿಕೊಂಡು ಅತ್ತಳು. ಐದು ವರ್ಷ ತನ್ನ ಜೊತೆಗಿದ್ದದ್ದು ತಾನೇ. ಅಷ್ಟಾದರೂ, ಹಾಗೆ ಅಳುವಾಗ ಬಲಗಡೆಯಿಂದ ಯಾರೋ ಅವಳ ಜೊತೆ ಅಳುತ್ತಿದ್ದರು.

ಬೆಂಗಳೂರಿನಲ್ಲಿ ಅವಳನ್ನು ಮಲಗಿಸಿ ತಲೆಯ ಸುತ್ತ ಕೊಡದ ಬಾಯಿಯಂಥ ಯಂತ್ರ ಇಳಿಸಿದರು. ಕಂಟ್ರೋಲ್ ರೂಮಿನ ಗಾಜಿನ ಆಚೆ ಬೋಜಮ್ಮ, ಮೈಕು ಮುಂದೆ. ಕಣ್ಣೆದುರು ಸಣ್ಣ ಪರದೆ.

"ದಾಕ್ಷಾಯಣಿ, ಜಾಗ ಸರಿಯಾಗಿ ಸಿಗಬೇಕಾದರೆ ಅವರು ಬರಬೇಕು. ಪರದೆ ಮೇಲೆ ಬಣ್ಣದ ದೀಪ ಬರುತ್ತೆ, ಕೂಗ್ತಾ ಹೋಗಿ. ಅಲೆ ಬಿಡುವಾಗ ನನ್ನ ಪರದೆಯಲ್ಲಿ ಏನೂ ಕಾಣಲ್ಲ. ಉತ್ತರ ಬಂತೋ ಇಲ್ಲವೋ ನೀವೇ ಹೇಳಬೇಕು." ಮೈಕಿಗೆ ಬಾಗಿ, "ಇನ್ನೊಂದು ಮಾತು. ನೀವು ಹೇಳಿದ್ದನ್ನೇ ಹೇಳಿದರೆ ಯೋಚನೆಯಿಲ್ಲ. ಅವರು ತಮ್ಮದೇ ಏನಾದರೂ ಹೇಳಿದರೆ ತಕ್ಷಣ ಕೈ ಎತ್ತಿ. ಅದು ನಾವು ತಿಳಿದುಕೊಂಡ ಕಾಯಿಲೆ ಅಲ್ಲ. ನಾನು ಅಲ್ಲಿಗೇ ನಿಲ್ಲಿಸ್ತೀನಿ. ಹಾರೋ ಮಾತೂ ಅಲ್ಲಿಗೇ ಮುಗೀತು," ಎಂದರು.

ತಮ್ಮನನ್ನು ಕಳಿಸಲು ತಮ್ಮನನ್ನೇ ಕರೆಯಬೇಕಿತ್ತು. ಇಂಥ ಕೆಲಸ ಯಾವ ಶತ್ರುವಿಗೂ ಬೇಡ ಎಂದುಕೊಂಡು ದಾಕ್ಷಾಯಣಿ ಕೂಗಿದಳು.

"ಹಳದಿ."

"ಹಳದಿ," ಎಂದ ದೇವ್ಯಾ.

"ಬಂತು ಮೇಡಂ."

ಕಿವಿಯ ಹಿಂದೆ ಬಿಸಿಲಿಗೆ ಕಾದ ಕಲ್ಲು ಇಟ್ಟಂತಾಯಿತು. "ಡಬಲ್ ಹಳದಿ." ಉತ್ತರ ಬಂತು, ಪಕ್ಕದಿಂದಲ್ಲ, ಕೋಣೆಯ ಮೂಲೆಯಿಂದ. "ಬಂತು." ಬಿಸಿ ಏರಿತು. "ಹಳದಿ." ಈ ಸಲ ದನಿ ಗೋಡೆಯ ಆಚೆಗಿತ್ತು, ಯಾರೋ ದೂರದ ಪ್ಲಾಟ್‌ಫಾರ್ಮಿನಿಂದ ಕರೆದಂತೆ. "ಬಂತು ಮೇಡಂ, ಸಣ್ಣಗೆ."

"ಇನ್ನೊಂದೇ ಸಲ," ಎಂದರು ಬೋಜಮ್ಮ.

ಪರದೆಯ ಮೇಲೆ ಹಸಿರು ದೀಪ ಹತ್ತಿತು.

"ಹಸಿರು," ಎಂದಳು ದಾಕ್ಷಾಯಣಿ.

ಏನೂ ಇಲ್ಲ. ಯಂತ್ರದ ಗುಂಯ್‌ಕಾರ. ಮುಗಿಯಿತು ಎಂದು ಅವಳು ಉಸಿರು ಬಿಡುವಷ್ಟರಲ್ಲಿ, ಕಿವಿಗೆ ಬಾಯಿಟ್ಟಷ್ಟು ಹತ್ತಿರದಿಂದ, ಗಾಬರಿಬಿದ್ದ ದನಿ ಕೇಳಿಸಿತು.

"ಇಲ್ಲಕ್ಕ. ಕೆಂಪೈತಿ. ನಿಂದರ್ಸು."

ಅದೇ ಜಗಳಗಂಟ ದನಿ, ಅದೇ ಮೊಂಡುತನ. ಅಕ್ಕ ಎಂದು ಅವನು ಕರೆದು ಐದು ವರ್ಷವಾಗಿತ್ತು. ಈ ಐದು ವರ್ಷ ಬಲಗಡೆಯಿಂದ ಉತ್ತರ ಕೊಟ್ಟವನು ಒಂದು ಸಲವೂ ಅಕ್ಕ ಅಂದಿರಲಿಲ್ಲ ಎಂಬುದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಿತು. ಬಲಗೈ ಹಾಸಿಗೆಯ ಅಂಚಿನಲ್ಲಿತ್ತು. ಎತ್ತಬೇಕು ಅಷ್ಟೆ. ಎತ್ತಿದರೆ ಅವನು ಉಳಿಯುತ್ತಾನೆ, ಆಕಾಶ ಹೋಗುತ್ತದೆ.

"ಉತ್ತರ ಬಂತಾ?" ಎಂದರು ಬೋಜಮ್ಮ.

ಸಾಯುವ ನರಗಳು ಏನೇನೋ ಒದರುತ್ತವೆ, ದೀಪ ಆರುವ ಮುಂದೆ ಒಮ್ಮೆ ಭಗ್ಗೆನ್ನುವುದಿಲ್ಲವೇ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುವಷ್ಟರಲ್ಲಿ "ಅಕ್ಕಾ" ಎಂದು ಇನ್ನೊಮ್ಮೆ ಕೇಳಿಸಿತು.

"ಇಲ್ರಿ ಮೇಡಂ," ಎಂದಳು. "ಏನೂ ಬರಲಿಲ್ಲ."

ಬಿಸಿ ಒಮ್ಮೆ ನೆತ್ತಿಗೇರಿ ಇಳಿಯಿತು. ಆಮೇಲೆ ಅಲ್ಲಿ ಬಲಗಡೆ ಎಂಬುದು ಬರೀ ಬಲಗಡೆಯಾಗಿತ್ತು. ಗೋಡೆ, ಸ್ಟೂಲು, ನೀರಿನ ಲೋಟ.

ಮುಂದಿನ ವಾರದ ಕುರ್ಚಿ ಪರೀಕ್ಷೆಯಲ್ಲಿ ಅವಳಿಗೆ ತೊಡಕೇ ಆಗಲಿಲ್ಲ. ಮಿದುಳಿನ ಚಿತ್ರ ತಣ್ಣಗಿತ್ತು. ಬೋಜಮ್ಮ ಫಿಟ್ ಎಂದು ಬರೆದು ಸಹಿ ಹಾಕಿ ಕೈಕುಲುಕಿದರು. "ಸರಾಗವಾಗಿ ಕೂಗಿದ್ರಿ," ಎಂದರು. ಆ ಮಾತಿನ ಅರ್ಥ ಅವಳಿಗೆ ಆಗ ಹೊಳೆಯಲಿಲ್ಲ.

ಮನೆಯಲ್ಲಿ ಪೇಢೆ ಹಂಚಿದ್ದಾಯಿತು. ಓಣಿಯ ತುಂಬ ಮೋನಪ್ಪನ ಮಗಳು ವಿಮಾನ ನಡೆಸುವ ಸುದ್ದಿ. ಬಂದವರೆಲ್ಲ ಹೋದ ಮೇಲೆ ಕಸ್ತೂರೆವ್ವ ರೊಟ್ಟಿಗೆ ಕೂತಳು. ಮೋನಪ್ಪ ಮಗಳಿಗೆ ಕಣ್ಣಲ್ಲೇ ಸನ್ನೆ ಮಾಡಿದ. ದಾಕ್ಷಿ ಬಾಲ್ಕನಿಗೆ ಹೋದಳು.

"ಹಳದಿ," ಎಂದು, ಎಂದಿನಂತೆ ತಡೆದೆನೆಂದುಕೊಂಡು, ಪಕ್ಕದ ಲೈನಿನದು "ಕೆಂಪು" ಎಂದಳು. ಇನ್ನೊಂದು ಲೈನಿನದು "ಡಬಲ್ ಹಳದಿ." ತಾನು ಚೆನ್ನಾಗಿಯೇ ನಟಿಸುತ್ತಿದ್ದೇನೆಂಬ ನಂಬಿಕೆ ಅವಳಿಗಿತ್ತು. ಆದರೆ ಕಾಯುವುದೇನೆಂದು ತಿಳಿದಿದ್ದ ಜಾಗವೇ ಸುಟ್ಟುಹೋಗಿತ್ತು. ಒಂದು ಮಾತಿನ ಬಾಲ ಹಿಡಿದು ಇನ್ನೊಂದು ಬರುತ್ತಿತ್ತು, ನಡುವೆ ಯಾರಿಗೂ ಎಡೆಯಿರಲಿಲ್ಲ.

ಅಡುಗೆಮನೆಯ ಸದ್ದು ನಿಂತಿತು. ಮತ್ತೆ ಶುರುವಾಗಲಿಲ್ಲ.

ಹಿಟ್ಟಿನ ಕೈಯಲ್ಲೇ ಕಸ್ತೂರೆವ್ವ ಬಾಲ್ಕನಿಗೆ ಬಂದಳು. ಮಗಳ ಬಲಗಡೆ ನೋಡಿದಳು, ಮಗಳನ್ನು ನೋಡಿದಳು.

"ದಾಕ್ಷಿ, ಅವನ್ನ ಎಲ್ಲಿ ಬಿಟ್ಟು ಬಂದಿ?"

ಮೋನಪ್ಪ ಹಿಂದಿನಿಂದ ಏನೋ ಹೇಳಲು ಬಂದ. ಕಸ್ತೂರೆವ್ವ ಕೈಯೆತ್ತಿ ತಡೆದಳು. ದಾಕ್ಷಿಗೆ ಮುಚ್ಚಿಡಲು ಆಗಲಿಲ್ಲ. ಯಂತ್ರ, ಅಲೆ, ಹುಣಸೆಬೀಜ, ಎಲ್ಲ ತೊದಲುತ್ತ ಹೇಳಿದಳು. ಕೇಳುತ್ತ ಕೇಳುತ್ತ ಕಸ್ತೂರೆವ್ವ ನೆಲಕ್ಕೆ ಕೂತಳು. ಐದು ವರ್ಷ ಎಲ್ಲಿ ಕೂಡಿಟ್ಟಿದ್ದಳೋ, ಆ ಅಳು ಈಗ ಹೊರಗೆ ಬಂತು. ನನ್ನಪ್ಪಾ, ನನ್ನ ಕೂಸಾ ಎಂದು ಎದೆ ಬಡಿದುಕೊಂಡು, ಮಗ ಈಗ ತಾನೇ ಕಣ್ಣು ಮುಚ್ಚಿದನೆಂಬಂತೆ ಅತ್ತಳು. ಪಕ್ಕದ ಕ್ವಾರ್ಟರ್ಸಿನವರು, ಪೇಢೆ ತಿಂದು ಹೋದವರು, ಏನಾಯಿತೆಂದು ಮೆಟ್ಟಿಲಲ್ಲಿ ನಿಂತರು. ಮಗ ಸತ್ತ, ಎಂದ ಮೋನಪ್ಪ ಕೊನೆಗೆ.

ಕತ್ತಲಾಗುವ ಹೊತ್ತಿಗೆ ಅಳು ಬತ್ತಿತು. ಕಸ್ತೂರೆವ್ವ ಮಗಳ ಮೊಣಕಾಲು ಹಿಡಿದುಕೊಂಡು, ದನಿಯಿಲ್ಲದ ದನಿಯಲ್ಲಿ ಕೇಳಿದಳು:

"ಹೋಗೂ ಮುಂದ ಏನರ ಅಂದನೇನು?"

ದಾಕ್ಷಿ ಅವ್ವನ ಮುಖ ನೋಡಿದಳು. ಹಿಟ್ಟು ಒಣಗಿ ಬಿಳಿಚಿಕೊಂಡ ಆ ಎರಡು ಕೈಗಳನ್ನು ನೋಡಿದಳು. ಇನ್ನು ತಾನು ಹಾರುವ ಪ್ರತಿ ದಿನವೂ ಆ ಖಾಲಿ ಕುರ್ಚಿಯ ಪಕ್ಕದಲ್ಲಿ ಒಬ್ಬಳೇ ಹೊತ್ತು ಕೂರಬೇಕಾದ ಮಾತು ಯಾವುದೆಂದು ಅವಳಿಗೆ ಗೊತ್ತಿತ್ತು. ಅದನ್ನು ಇನ್ನೊಬ್ಬರ ತಲೆಗೆ ಕಟ್ಟಲು ಮನಸ್ಸು ಬರಲಿಲ್ಲ.

"ಅಂದ ಅವ್ವ. ಹಸಿರು ಅಂದ."

ಕಸ್ತೂರೆವ್ವ ಕಣ್ಣು ಮುಚ್ಚಿ ಅದನ್ನು ಒಳಗಿಳಿಸಿಕೊಂಡಳು. ಆಮೇಲೆ ಮನೆಯ ನಿಯಮ ಪಾಲಿಸುವವಳಂತೆ, ಮಗನ ಪರವಾಗಿ, ಸ್ಪಷ್ಟವಾಗಿ ತಿರುಗಿ ಕೂಗಿದಳು.

"ಹಸಿರು."